ಮಷೀನ್ ಎರಡು ವರ್ಷ ಹಿಂದೆ ಹೋದ ಬೆಳಿಗ್ಗೆ: ಒಂದು ದಾಲ್ ಮಿಲ್ಲಿನ ಡೇಟಾಬೇಸ್ ಪ್ರಕರಣ

ಕಲಬುರಗಿಯಲ್ಲಿ ಸಣ್ಣ ವ್ಯಾಪಾರಸ್ಥರ ಕಂಪ್ಯೂಟರ್, ನೆಟ್‌ವರ್ಕ್, ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಪ್ರಕರಣ ನಡೆದದ್ದು ಊರ ಹೊರಗಿನ ಒಂದು ದಾಲ್ ಮಿಲ್ಲಿನಲ್ಲಿ. ಮಿಲ್ಲಿನ ಹೆಸರು, ಜನರ ಹೆಸರು ಬರೆದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಂಖ್ಯೆ ಬದಲಿಸಿದ್ದೇನೆ. ಮಿಲ್ಲಿನ ಸಾಹುಕಾರರು ಇದನ್ನು ಬರೆಯಲು ಒಪ್ಪಿದ್ದಾರೆ. ಇದೇ ತಪ್ಪು ಬೇರೆ ಎಷ್ಟೋ ಕಡೆ ಸುಮ್ನೆ ಕೂತಿರಬಹುದು ಎಂಬ ಕಾರಣಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೊಗರಿಯದೇ ಸುಗ್ಗಿ. ಆಳಂದ, ಚಿಂಚೋಳಿ, ಸೇಡಂ, ಚಿತ್ತಾಪುರ ಕಡೆಯಿಂದ ಚೀಲ ಹೇರಿದ ಟ್ರ್ಯಾಕ್ಟರ್‌ಗಳು ಬೆಳಿಗ್ಗೆಯಿಂದಲೇ ಬರುತ್ತವೆ. 2019ರಲ್ಲಿ ಇಲ್ಲಿನ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿದೆ. ಅದು ಸಿಗುವ ಮೊದಲಿನಿಂದಲೂ ಈ ಮೂರು ತಿಂಗಳು ಮಿಲ್ಲಿನವರಿಗೆ ಉಸಿರಾಡಲು ಬಿಡುವಿರುವುದಿಲ್ಲ.

ಟ್ರ್ಯಾಕ್ಟರ್ ಕಾಟಾ ಹತ್ತುತ್ತದೆ, ತೂಕ ಆಗುತ್ತದೆ, ಕಾಟಾ ಚೀಟಿ ಬರುತ್ತದೆ. ಚೀಟಿಯಲ್ಲಿ ನಂಬರ್, ರೈತರ ಹೆಸರು, ಊರು, ತೂಕ ಇರುತ್ತವೆ. ಆ ಚೀಟಿಯ ಮೇಲೆಯೇ ಹಮಾಲಿ, ದರ, ಕೊನೆಗೆ ರೈತರಿಗೆ ಕೊಡುವ ಹಣ ಎಲ್ಲಾ ನಿಂತಿದೆ. ಇದಿಷ್ಟೂ ಇದ್ದದ್ದು ಒಂದು ಸರ್ವರ್‌ನ ಮರಿಯಾಡಿಬಿ 10.3 ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ. ಸರ್ವರ್ ಓಡುತ್ತಿದ್ದದ್ದು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 20.04 ಮೇಲೆ.

10.3 ಆವೃತ್ತಿಗೆ ಬೆಂಬಲ ನಿಂತದ್ದು 2023ರ ಮೇನಲ್ಲಿ. ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರು ಹೊಸ ಆವೃತ್ತಿ ಹಾಕಲು 10.6 ಬೇಕು ಅಂದರು. ಅದಕ್ಕೊಂದು ದಿನವನ್ನೂ ಹೇಳಿದರು. ಆ ದಿನ ಜನವರಿಯ ಒಂದು ಶುಕ್ರವಾರ. ಹಾಗಾಗಿ ಗುರುವಾರ ರಾತ್ರಿ ಡೇಟಾಬೇಸ್ ಅಪ್‌ಗ್ರೇಡ್ ಮಾಡಿಟ್ಟುಕೊಳ್ಳೋಣ ಎಂದು ನಾನು ಒಪ್ಪಿದೆ. ಭಾನುವಾರ ಮಿಲ್ ಬಂದ್ ಇರುತ್ತದೆ. ಎರಡು ದಿನ ತಡ ಮಾಡಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಸುಗ್ಗಿಯ ನಡುವೆ, ಅದೂ ವಾರದ ನಡುವೆ, ಒಪ್ಪಬಾರದಿತ್ತು. ಈ ಕೆಲಸದ ಮೊದಲ ತಪ್ಪು ನಿರ್ಧಾರ ನನ್ನದೇ.

ಈ ಸರ್ವರ್‌ಗೆ ಒಂದು ಹಳೇ ಕಥೆ ಇದೆ. ನಾನು ಬರುವ ಮೊದಲು ಬೇರೆ ಒಬ್ಬರು ಇದನ್ನು ನೋಡಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಡಿಸ್ಕಿನ ಮೂಲ ಪಾರ್ಟಿಷನ್ (ಭಾಗ) ತುಂಬಿ ಡೇಟಾಬೇಸ್ ನಿಂತುಹೋಗಿತ್ತು. ಬಳಕೆದಾರರ ಸ್ವಂತ ಫೈಲುಗಳಿರುವ ಹೋಮ್ ಪಾರ್ಟಿಷನ್‌ನಲ್ಲಿ ಜಾಗ ಜಾಸ್ತಿ ಇತ್ತು. ಅವರು ಡೇಟಾ ಫೋಲ್ಡರನ್ನು ಅಲ್ಲಿಗೆ ನಕಲು ಮಾಡಿ, ಡೇಟಾಬೇಸಿನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನಲ್ಲಿ ಹೊಸ ದಾರಿ ಬರೆದರು. ನಕಲು ಮಾಡಿದರು, ಸಾಗಿಸಲಿಲ್ಲ. ಹಳೇ ಜಾಗದಲ್ಲಿ ಹಳೇ ಡೇಟಾ ಹಾಗೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಆ ರಾತ್ರಿ

ನಾನು ಆ ದಿನ ಹುಮನಾಬಾದಿನಲ್ಲಿದ್ದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಮಿಲ್ಲಿಗೆ ಹೋದ. ಚುರುಕಿನ ಹುಡುಗ, ಶ್ರದ್ಧೆಯೂ ಇದೆ. ಸಂಜೆ ಆರಕ್ಕೆ ಡೇಟಾಬೇಸಿನ ಪೂರ್ತಿ ಡಂಪ್, ಅಂದರೆ ಬ್ಯಾಕಪ್ ನಕಲು, ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಂಡ. ಆದರೆ ಕಾಟಾ ನಿಂತದ್ದು ಒಂಬತ್ತೂಕಾಲಿಗೆ. ನಡುವೆ ಇನ್ನೂ 14 ಚೀಟಿ ಆಗಿದ್ದವು. ಹತ್ತಕ್ಕೆ ಡೇಟಾಬೇಸನ್ನು ಸರಿಯಾಗಿ ನಿಲ್ಲಿಸಿ, ಹಳೇ ಪ್ಯಾಕೇಜ್ (10.3ರ ಸಾಫ್ಟ್‌ವೇರ್ ಕಟ್ಟು) ತೆಗೆದು 10.6 ಹಾಕಿದ. ಕಾನ್ಫಿಗ್ ಫೈಲ್ ಬದಲಿಸಬೇಕಾ ಎಂದು ಇನ್‌ಸ್ಟಾಲರ್ ಕೇಳಿದಾಗ ಹಳೇದೇ ಇರಲಿ ಎಂದ. ಇಲ್ಲಿಯವರೆಗೆ ಎಲ್ಲವೂ ಸರಿ.

ಆಮೇಲೆ ಡೇಟಾಬೇಸ್ ಏಳಲಿಲ್ಲ. ನಡೆದದ್ದನ್ನು ಬರೆದಿಡುವ ಲಾಗ್‌ನಲ್ಲಿ ಬಂದ ಮಾತು ಇದು: ಡೇಟಾ ಫೋಲ್ಡರ್‌ಗೆ ಹೋಗಲಾಗುತ್ತಿಲ್ಲ, ಎರ್‌ಕೋಡ್ 13, ಪರ್ಮಿಷನ್ ಡಿನೈಡ್ (ಅನುಮತಿ ಇಲ್ಲ).

ಹುಡುಗ ಫೋನ್ ಮಾಡಿದ. ಫೋಲ್ಡರಿನ ಮಾಲೀಕ ಯಾರು ಅಂತ ನೋಡು, ಡೇಟಾಬೇಸ್ ಓಡುವ ಮೈಎಸ್‌ಕ್ಯೂಎಲ್ ಎಂಬ ಬಳಕೆದಾರನ ಹೆಸರಿಗೆ ಮಾಡು ಎಂದೆ. ಮಾಡಿದ. ಏಳಲಿಲ್ಲ. ಹನ್ನೊಂದೂವರೆಗೆ ಮತ್ತೆ ಫೋನ್ ಬಂದಾಗ ನಾನು ಬಸ್ಸಿನಲ್ಲಿದ್ದೆ, ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಪರ್ಮಿಷನ್ ಎಲ್ಲಾ ಸರಿಯಾಗಿ ನೋಡಪಾ" ಅಂದೆ. ಅಷ್ಟೇ ಅಂದೆ. ಈಗ ಯೋಚಿಸಿದರೆ ಅದು ಸೂಚನೆಯೇ ಅಲ್ಲ. ರಾತ್ರಿ ಹನ್ನೆರಡು ಗಂಟೆಗೆ ಒಬ್ಬನೇ ಕೂತಿರುವ ಹುಡುಗನಿಗೆ ಇಷ್ಟು ಹೇಳಿ ಬಿಟ್ಟರೆ ಅವನು ಏನು ಮಾಡುತ್ತಾನೆ? ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡಿನಲ್ಲಿ 777 ಹೊಡೆಯುತ್ತಾನೆ. ಹೊಡೆದ. ಡೇಟಾ ಫೋಲ್ಡರ್‌ಗೂ ಹೊಡೆದ, ಕಾನ್ಫಿಗ್ ಇರುವ ಫೋಲ್ಡರ್‌ಗೂ ಹೊಡೆದ, ಒಳಗಿನ ಎಲ್ಲಾ ಫೈಲಿಗೂ ತಾಗುವ ಹಾಗೆ.

777 ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಲಿನಕ್ಸ್‌ನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ ಅಥವಾ ಫೋಲ್ಡರಿನ ಒಳಗೆ ಹೋಗುವುದಕ್ಕೆ 1. ಮೂರೂ ಸೇರಿದರೆ 7. ಮೊದಲ ಅಂಕಿ ಮಾಲೀಕನಿಗೆ, ಎರಡನೇದು ಅವನ ಗುಂಪಿಗೆ, ಮೂರನೇದು ಉಳಿದ ಎಲ್ಲರಿಗೆ. 777 ಎಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ಗಲ್ಲಾ ಪೆಟ್ಟಿಗೆಯನ್ನು ರಸ್ತೆ ಬದಿ ತೆರೆದಿಟ್ಟು ಹೋದ ಹಾಗೆ.

ಡೇಟಾಬೇಸ್ ಎದ್ದಿತು. ಹುಡುಗ ಸಾಫ್ಟ್‌ವೇರ್ ತೆರೆದ, ಲಾಗಿನ್ ಆಯಿತು, ಪಟ್ಟಿಗಳೆಲ್ಲ ಬಂದವು. "ಚಾಲೂ ಆಯ್ತ್ರಿ ಸರ್" ಎಂದು ಮೆಸೇಜ್ ಹಾಕಿ ಹನ್ನೆರಡೂವರೆಗೆ ಮನೆಗೆ ಹೋದ. ನಾನೂ ನೆಮ್ಮದಿಯಾಗಿ ಮಲಗಿದೆ.

ಮೊಳೆಗೆ ಚುಚ್ಚಿದ ಚೀಟಿ

ಮುನೀಮರಿಗೆ ಅರವತ್ತು ದಾಟಿದೆ. ಅವರ ಮೇಜಿನ ಪಕ್ಕ ಗೋಡೆಗೆ ಒಂದು ಉದ್ದ ಮೊಳೆ ಇದೆ. ದಿನದ ಕಾಟಾ ಚೀಟಿಗಳ ಇನ್ನೊಂದು ಪ್ರತಿಯನ್ನು ಅದಕ್ಕೆ ಚುಚ್ಚುತ್ತಾ ಹೋಗುತ್ತಾರೆ. ಕಂಪ್ಯೂಟರ್ ಬಂದ ಮೇಲೂ ಆ ರೂಢಿ ಬಿಟ್ಟಿಲ್ಲ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಕಾಟಾ ಶುರುವಾಯಿತು. ಕಾಟಾ ಮೇಲೆ ಕೂರುವ ಹುಡುಗನಿಗೆ ಕೆಲವು ರೈತರ ಹೆಸರು ಪಟ್ಟಿಯಲ್ಲಿ ಸಿಗಲಿಲ್ಲ. ಅವನು ಹೊಸದಾಗಿ ಸೇರಿಸಿಕೊಂಡ. ಜನ ಕಾಯುತ್ತಿದ್ದರು, ಅಷ್ಟಕ್ಕೆ ಯಾರು ನಿಲ್ಲುತ್ತಾರೆ? ಮುನೀಮರು ಎಂಟೂವರೆಗೆ ಬಂದು ಕೂತರು. ಮೇಲಿದ್ದ ಚೀಟಿ ತೆಗೆದುಕೊಂಡು ಮೊಳೆಗೆ ಚುಚ್ಚಲು ಹೋದವರು ಕೈ ತಡೆದರು. ಮೊಳೆಯಲ್ಲಿದ್ದ ನಿನ್ನೆ ರಾತ್ರಿಯ ಕೊನೆ ಚೀಟಿ 18642. ಕೈಯಲ್ಲಿದ್ದದ್ದು 7321.

ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನನಗೆ ಫೋನ್ ಮಾಡಿದರು. "ಸರ್, ಒಂದ್ ಸಲ ಬಂದು ನೋಡ್ರಿ. ಮಷೀನ್ ಎರಡು ವರ್ಷ ಹಿಂದ ಹೋಗ್ಯಾದ." ಎರಡು ವರ್ಷ ಎಂದು ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದೆ. ಏಳು ಸಾವಿರದ ಚೀಟಿ ಯಾವ ಸುಗ್ಗಿಯದು ಎಂದು ಅವರಿಗೆ ಬಾಯಿಪಾಠ.

ನಾನು ಮಾಡಿದ ಮೊದಲ ಕೆಲಸ ಫೋನಿನಲ್ಲೇ ಆಯಿತು. ಎಲ್ಲಾ ಕಂಪ್ಯೂಟರಿನಲ್ಲೂ ಸಾಫ್ಟ್‌ವೇರ್ ಮುಚ್ಚಿಸಿ, ಕೈಯಲ್ಲಿ ಚೀಟಿ ಬರೆಯಿರಿ ಎಂದೆ. ಸಾಹುಕಾರರಿಗೆ ಇದು ಹಿಡಿಸಲಿಲ್ಲ. ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತಿತ್ತು. ಆದರೆ ಪ್ರತಿ ಹೊಸ ಚೀಟಿ ತಪ್ಪು ಲೆಕ್ಕಕ್ಕೆ ಸೇರುತ್ತಿತ್ತು. ಅಷ್ಟರಲ್ಲಿ 11 ಚೀಟಿ ಸೇರಿಯಾಗಿತ್ತು. ನೂರಾ ಹನ್ನೊಂದು ಆಗಿದ್ದರೆ ಬಿಡಿಸುವುದು ಯಾರು?

ಹೋಗಿ ಕೂತ ಮೇಲೆ ಡೇಟಾಬೇಸನ್ನೇ ಕೇಳಿದೆ, ನೀನು ಯಾವ ಫೋಲ್ಡರಿನಿಂದ ಓದುತ್ತಿದ್ದೀಯ ಎಂದು. ಡೇಟಾಡಿರ್ ಎಂಬ ವೇರಿಯಬಲ್ ನೋಡಿದರೆ ಇದು ಒಂದೇ ಸಾಲಿನ ಉತ್ತರ. ಬಂದದ್ದು ಹಳೇ ಜಾಗ, /ವಾರ್/ಲಿಬ್/ಮೈಎಸ್‌ಕ್ಯೂಎಲ್. ಹೋಮ್ ಅಲ್ಲ. ರಾತ್ರಿಯ ಲಾಗ್ ಮೇಲಿನಿಂದ ಓದಿದೆ. ಕಾನ್ಫಿಗ್ ಫೈಲನ್ನು ಯಾರು ಬೇಕಾದರೂ ಬರೆಯಬಹುದಾದ್ದರಿಂದ ಅದನ್ನು ಕಡೆಗಣಿಸಿದ್ದೇನೆ ಎಂಬ ಎಚ್ಚರಿಕೆ ಅಲ್ಲಿತ್ತು.

ಎಲ್ಲಾ ಅಲ್ಲಿದೆ. ಮರಿಯಾಡಿಬಿ, ಅದು ಹುಟ್ಟಿದ ಮೂಲ ಡೇಟಾಬೇಸ್ ಮೈಎಸ್‌ಕ್ಯೂಎಲ್, ಎರಡೂ ಎಲ್ಲರಿಗೂ ಬರೆಯಲು ಬಿಟ್ಟ ಕಾನ್ಫಿಗ್ ಫೈಲನ್ನು ನಂಬುವುದಿಲ್ಲ. ಅದು ಒಳ್ಳೆಯದಕ್ಕೇ. ದಾರಿಹೋಕರು ಬರೆಯಬಹುದಾದ ಚೀಟಿಯನ್ನು ನಂಬಿ ಗೋದಾಮು ತೆರೆಯುತ್ತೀರಾ? ಆದರೆ ಡೇಟಾಬೇಸ್ ನಿಂತುಬಿಡುವುದಿಲ್ಲ, ಆ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಹೊಸ ದಾರಿ ಬರೆದಿದ್ದದ್ದು ಆ ಫೈಲಿನಲ್ಲೇ. ಆ ಫೈಲ್ ಬಿಟ್ಟ ಮೇಲೆ ಡೇಟಾಬೇಸ್ ತನ್ನ ಮೂಲ ಜಾಗಕ್ಕೆ ಹೋಯಿತು. ಅಲ್ಲಿ ಎರಡು ವರ್ಷದ ಹಿಂದಿನ ಡೇಟಾ ಕಾಯುತ್ತಾ ಕೂತಿತ್ತು. ಆ ಜಾಗ ಖಾಲಿ ಇದ್ದಿದ್ದರೆ ಹುಡುಗನಿಗೆ ರಾತ್ರಿಯೇ ಗೊತ್ತಾಗುತ್ತಿತ್ತು.

ಯಾರು ತಡೆಯುತ್ತಿದ್ದಾರೆ?

ಕಾನ್ಫಿಗ್ ಫೈಲನ್ನು 644ಕ್ಕೆ ತಂದು ಮತ್ತೆ ಚಾಲೂ ಮಾಡಿದೆ. ಏಳಲಿಲ್ಲ. ಮತ್ತೆ ಅದೇ ಎರ್‌ಕೋಡ್ 13. ಪಕ್ಕದಲ್ಲಿದ್ದ ಸಾಹುಕಾರರ ಮುಖ ಸಣ್ಣಗಾಯಿತು. ನನಗೆ ಮಾತ್ರ ಧೈರ್ಯ ಬಂತು. ತಪ್ಪು ಡೇಟಾ ಹಿಡಿದು ಓಡುವುದಕ್ಕಿಂತ ನಿಂತಿರುವುದು ಎಷ್ಟೋ ವಾಸಿ ಅಲ್ವಾ?

"ನಿನ್ನೆ ತಗೊಂಡ ಬ್ಯಾಕಪ್ ಹಾಕಿ ಬಿಡ್ರಿ ಸರ್, ಹೊರಗ ಗದ್ದಲ ಆಗ್ಲತ್ತದ" ಅಂದರು ಸಾಹುಕಾರರು. ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಡಂಪ್ ಹಾಕಿದರೆ ಅರ್ಧ ಗಂಟೆಯಲ್ಲಿ ಕೆಲಸ ಶುರುವಾಗುತ್ತಿತ್ತು. ಆದರೆ ಆರು ಗಂಟೆಯ ನಂತರದ 14 ಚೀಟಿ ಅದರಲ್ಲಿಲ್ಲ. ಮುಖ್ಯವಾಗಿ, ಅಸಲಿ ಡೇಟಾ ಹಾಳಾಗಿದೆ ಎನ್ನಲು ನಮ್ಮ ಹತ್ತಿರ ಯಾವ ಆಧಾರವೂ ಇರಲಿಲ್ಲ. ಅದು ಹೋಮ್‌ನಲ್ಲಿ ಹಾಗೇ ಇದೆ, ಒಳಗೆ ಹೋಗಲು ಮಾತ್ರ ಆಗುತ್ತಿಲ್ಲ. "ಬ್ಯಾಡ್ರಿ, ಒಂದು ತಾಸು ಕೊಡ್ರಿ" ಎಂದೆ.

ಹಾಗಾದರೆ ತಡೆ ಎಲ್ಲಿ? ಒಂದು ಫೈಲಿಗೆ ತಲುಪಬೇಕಾದರೆ ದಾರಿಯ ಪ್ರತಿ ಫೋಲ್ಡರಿನಲ್ಲೂ ಒಳಗೆ ಹೋಗುವ ಅನುಮತಿ ಬೇಕು. ಊರ ಅಗಸಿ ಮುಚ್ಚಿದ್ದರೆ ಮನೆ ಬಾಗಿಲು ತೆರೆದಿದ್ದು ಏನು ಪ್ರಯೋಜನ? ನೇಮ್‌ಐ ಎಂಬ ಕಮಾಂಡ್ ದಾರಿಯ ಒಂದೊಂದು ಮೆಟ್ಟಿಲಿನ ಮಾಲೀಕ, ಅನುಮತಿ ತೋರಿಸುತ್ತದೆ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ ಬೇರೆಯವರಿಗೆ ಮುಚ್ಚಿಯೇ ಬರುತ್ತದೆ, ಅಲ್ಲಿ ಡೇಟಾ ಇಟ್ಟವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮದು 20.04. ಇಲ್ಲಿ ಎಲ್ಲಾ ಮೆಟ್ಟಿಲೂ ತೆರೆದಿದ್ದವು. ಡೇಟಾ ಫೋಲ್ಡರ್ ಅಂತೂ ರಾತ್ರಿಯ 777ನಲ್ಲೇ ಇತ್ತು.

ಆ ಸಾಲನ್ನು ಎರಡು ಸಲ ಓದಿದೆ. ಎಲ್ಲರಿಗೂ ಎಲ್ಲಾ ಅನುಮತಿ ಇದೆ, ಆದರೂ ಅನುಮತಿ ಇಲ್ಲ ಅನ್ನುತ್ತಿದೆ. ಅಂದಮೇಲೆ ಬೇಡ ಅನ್ನುತ್ತಿರುವುದು ಫೈಲಿನ ಅನುಮತಿ ಅಲ್ಲವೇ ಅಲ್ಲ. ಅಪ್‌ಗ್ರೇಡ್ ಆದ ಹೊತ್ತಿನಿಂದ ನಾವು ಇಬ್ಬರೂ ತಪ್ಪು ಬೀಗಕ್ಕೆ ಕೀಲಿ ಹಾಕುತ್ತಿದ್ದೆವು.

ಖಾತ್ರಿಗಾಗಿ ಸುಡೋ (ಬೇರೆ ಬಳಕೆದಾರನ ಹೆಸರಲ್ಲಿ ಕೆಲಸ ಮಾಡಿಸುವ ಕಮಾಂಡ್) ಮೂಲಕ ಮೈಎಸ್‌ಕ್ಯೂಎಲ್ ಬಳಕೆದಾರನಾಗಿಯೇ ಆ ಫೋಲ್ಡರಿನೊಳಗೆ ಒಂದು ಖಾಲಿ ಫೈಲ್ ಮಾಡಿ ನೋಡಿದೆ. ಆಯಿತು. ತೆಗೆದು ಹಾಕಿದೆ. ಅದೇ ಬಳಕೆದಾರ, ಅದೇ ಫೋಲ್ಡರ್. ನಾನು ಕೈಯಾರೆ ಹೋದರೆ ಬಾಗಿಲು ತೆರೆಯುತ್ತದೆ, ಹಿನ್ನೆಲೆಯಲ್ಲಿ ಓಡುವ ಡೇಟಾಬೇಸ್ ಸರ್ವಿಸ್ ಹೋದರೆ ಮುಚ್ಚುತ್ತದೆ. ವ್ಯತ್ಯಾಸ ಇರುವುದು ಕಳಿಸುವವರಲ್ಲಿ.

ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಕಟ್ಟುಪಾಡು ಹಾಕುವ ಆಪ್‌ಆರ್ಮರ್ ನೋಡಿದೆ. ಮೈಎಸ್‌ಕ್ಯೂಎಲ್ ಆಗಿದ್ದರೆ ಉಬುಂಟುವಿನಲ್ಲಿ ಮೊದಲ ಅನುಮಾನ ಅದರ ಮೇಲೇ ಬರಬೇಕು. ಆದರೆ ಮರಿಯಾಡಿಬಿಯ ಆಪ್‌ಆರ್ಮರ್ ಪ್ರೊಫೈಲ್ ಬೇಕೆಂದೇ ಖಾಲಿ ಇರುತ್ತದೆ. ಕರ್ನಲ್ ಲಾಗ್‌ನಲ್ಲೂ ತಡೆದ ಗುರುತು ಇರಲಿಲ್ಲ. ಉಳಿದದ್ದು ಸಿಸ್ಟಮ್‌ಡಿ. ಸರ್ವಿಸನ್ನು ಎಬ್ಬಿಸುವುದೇ ಅದು. ಸಿಸ್ಟಮ್‌ಸಿಟಿಎಲ್ ಕ್ಯಾಟ್ ಕಮಾಂಡಿನಿಂದ ಮರಿಯಾಡಿಬಿಯನ್ನು ಹೇಗೆ ಎಬ್ಬಿಸಬೇಕು ಎಂದು ಬರೆದಿರುವ ಯೂನಿಟ್ ಫೈಲ್ ಓದಿದೆ. ನಡುವೆ ಒಂದು ಸಾಲು: ಪ್ರೊಟೆಕ್ಟ್‌ಹೋಮ್ ಟ್ರೂ.

ಈ ಒಂದು ಸಾಲಿದ್ದರೆ ಆ ಸರ್ವಿಸ್‌ನ ಕಣ್ಣಿಗೆ ಹೋಮ್, ಎಲ್ಲಾ ಅಧಿಕಾರವಿರುವ ರೂಟ್ ಬಳಕೆದಾರನ ಫೋಲ್ಡರ್, /ರನ್/ಯೂಸರ್ ಮೂರೂ ಖಾಲಿ, ಒಳಗೆ ಹೋಗಲಾಗದ ಜಾಗಗಳು. ಫೈಲಿನ ಮೇಲೆ 777 ಇರಲಿ, ಇನ್ನೊಂದು ಇರಲಿ, ಅದಕ್ಕೆ ಸಂಬಂಧವಿಲ್ಲ. ಡೇಟಾಬೇಸಿನಲ್ಲಿ ಯಾರಾದರೂ ತೂತು ಹುಡುಕಿ ನುಗ್ಗಿದರೂ ಜನರ ಸ್ವಂತ ಫೈಲುಗಳು ಸಿಗಬಾರದು ಎಂದು ಮಾಡಿದ ಕಾವಲು ಇದು. ಸಿಸ್ಟಮ್‌ಡಿ ರನ್ ಕಮಾಂಡಿನಲ್ಲಿ ಇದೇ ಗುಣ ಹಚ್ಚಿ, ಮೈಎಸ್‌ಕ್ಯೂಎಲ್ ಬಳಕೆದಾರನ ಹೆಸರಲ್ಲಿ ಫೋಲ್ಡರ್ ಪಟ್ಟಿ ಕೇಳಿದೆ. ಅನುಮತಿ ಇಲ್ಲ ಎಂದಿತು. ಗುಣ ತೆಗೆದು ಕೇಳಿದೆ. ಪಟ್ಟಿ ಬಂತು.

ಹಾಗಾದರೆ ಇಷ್ಟು ದಿನ ಹೇಗೆ ಓಡಿತು? ರೂಟ್‌ನ ಹಳೇ ಕಮಾಂಡ್ ಹಿಸ್ಟರಿಯಲ್ಲಿ ಉತ್ತರ ಸಿಕ್ಕಿತು. ಹಿಂದಿನವರು /ಲಿಬ್/ಸಿಸ್ಟಮ್‌ಡಿ ಒಳಗಿನ ಮೂಲ ಯೂನಿಟ್ ಫೈಲನ್ನೇ ತೆರೆದು ತಿದ್ದಿದ್ದರು. ಅದರ ಬೆನ್ನಿಗೇ ಪ್ಯಾಕೇಜ್ ಅಪ್‌ಡೇಟ್ ಆಗದಂತೆ ಹೋಲ್ಡ್ ಹಾಕಿದ್ದರು. ಲಿಬ್‌ನಲ್ಲಿರುವ ಯೂನಿಟ್ ಫೈಲ್ ಪ್ಯಾಕೇಜಿನ ಸ್ವಂತ ಆಸ್ತಿ. ಅಪ್‌ಗ್ರೇಡ್ ಆದಾಗ ಕೇಳದೆಯೇ ಹೊಸದನ್ನು ಹಾಕುತ್ತದೆ. ಸೆಟ್ಟಿಂಗ್‌ಗಳಿಗೆಂದೇ ಇರುವ ಇಟಿಸಿ ಫೋಲ್ಡರಿನ ಕಾನ್ಫಿಗ್ ತಿದ್ದಿದ್ದರೆ ಮಾತ್ರ ಕೇಳುತ್ತದೆ. ರಾತ್ರಿ ಹುಡುಗನಿಗೆ ಕೇಳಿದ ಪ್ರಶ್ನೆ ಅದೇ. ಇನ್ನೊಂದು ಫೈಲ್ ಬದಲಾದದ್ದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇದಕ್ಕಾಗಿ ನಾನು ಅವನನ್ನು ಬೈಯಲಿಲ್ಲ. ಹೋಲ್ಡ್ ಹಾಕಿದ್ದು ಕಂಡಾಗಲೇ ಯಾಕೆ ಹಾಕಿದ್ದಾರೆ ಎಂದು ಕೇಳಬೇಕಿದ್ದವನು ನಾನು.

ಸರಿಪಡಿಸಿದ್ದು

ಕೈಯಲ್ಲಿ ಎರಡು ದಾರಿ ಇದ್ದವು. ಡೇಟಾವನ್ನು ಹೋಮ್‌ನಿಂದ ಹೊರಗೆ ಒಯ್ಯುವುದು, ಇಲ್ಲವೇ ಕಾವಲನ್ನು ಸಡಿಲ ಮಾಡುವುದು. ಮೊದಲನೇದು ಸರಿ, ಆದರೆ ಆ ಬೆಳಿಗ್ಗೆ ಬೇರೆ ಜಾಗವಿರಲಿಲ್ಲ. ಹಾಗಾಗಿ ಭಾನುವಾರದವರೆಗೆ ಮಾತ್ರ ಎಂದು ಕಾಗದದ ಮೇಲೆ ಬರೆದಿಟ್ಟು ಎರಡನೇದು ಮಾಡಿದೆ. ಮೂಲ ಫೈಲ್ ಮುಟ್ಟಲಿಲ್ಲ. ಸಿಸ್ಟಮ್‌ಸಿಟಿಎಲ್ ಎಡಿಟ್ ಕಮಾಂಡಿನಿಂದ ಇಟಿಸಿಯಲ್ಲಿ ಬೇರೆ ಚಿಕ್ಕ ಫೈಲ್ ಮಾಡಿ, ಅದರಲ್ಲಿ ಪ್ರೊಟೆಕ್ಟ್‌ಹೋಮ್ ಫಾಲ್ಸ್ ಎಂದಷ್ಟೇ ಬರೆದೆ. ಇಂಥ ಫೈಲನ್ನು ಅಪ್‌ಗ್ರೇಡ್ ಅಳಿಸುವುದಿಲ್ಲ.

ಚಾಲೂ ಮಾಡುವ ಮೊದಲು ಡೇಟಾ ಫೋಲ್ಡರ್ ಪೂರ್ತಿ ನಕಲು ತೆಗೆದೆ. ಆರು ಜಿಬಿ, ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಬಹಳ ಉದ್ದ ಇತ್ತು, ಹೊರಗೆ ಹಾರ್ನ್ ನಿಲ್ಲುತ್ತಿರಲಿಲ್ಲ. ಆದರೆ ಅಸಲಿ ಡೇಟಾವನ್ನು 10.6 ಮುಟ್ಟುವುದು ಇದೇ ಮೊದಲು. ಒಮ್ಮೆ ಅದು ತನ್ನ ರೂಪಕ್ಕೆ ಬದಲಿಸಿಕೊಂಡರೆ ಅದೇ ಫೋಲ್ಡರನ್ನು 10.3ಕ್ಕೆ ವಾಪಸ್ ಕೊಡುವ ಹಾಗಿಲ್ಲ. ಹಳೇ ಜಾಗದ ಫೋಲ್ಡರನ್ನೂ ಹಾಗೇ ಎತ್ತಿಟ್ಟೆ, ಅದರಲ್ಲಿ ಬೆಳಗಿನ 11 ಚೀಟಿ ಇವೆ.

ಹತ್ತೂ ಇಪ್ಪತ್ತೈದಕ್ಕೆ ಡೇಟಾಬೇಸ್ ಎದ್ದಿತು. ಈ ಸಲ ಡೇಟಾಡಿರ್ ಕೇಳಿದೆ, ಹೋಮ್ ಎಂದಿತು. ಮುನೀಮರನ್ನು ಕರೆದು ಕೊನೆ ಚೀಟಿ ತೋರಿಸಿದೆ. ಅವರು ಪರದೆ ನೋಡಿದರು, ಮೊಳೆ ನೋಡಿದರು. 18642, ರೈತರ ಹೆಸರೂ ಅದೇ, ತೂಕವೂ ಅದೇ. "ಹಾಂ, ಇದು ನಮ್ಮ ಲೆಕ್ಕ" ಅಂದರು.

ಆ 11 ಚೀಟಿಗಳನ್ನು ಡೇಟಾಬೇಸಿನಿಂದ ಡೇಟಾಬೇಸಿಗೆ ಎಳೆದು ತರಬಹುದಿತ್ತು. ಆದರೆ ಅವುಗಳ ನಂಬರು ಹಳೇ ಚೀಟಿಗಳ ನಂಬರಿಗೆ ತಾಗುತ್ತಿತ್ತು, ಹೊಸದಾಗಿ ಸೇರಿಸಿದ ರೈತರ ಹೆಸರು ಅಸಲಿ ಪಟ್ಟಿಯಲ್ಲಿ ಆಗಲೇ ಇದ್ದವು. ಸ್ಕ್ರಿಪ್ಟ್ ಬರೆಯುವುದಕ್ಕಿಂತ ಕೈಯಲ್ಲಿ ಹೊಡೆಯುವುದೇ ಸುರಕ್ಷಿತ ಅನಿಸಿತು. ಮುನೀಮರು ಓದಿದರು, ನನ್ನ ಹುಡುಗ ಟೈಪ್ ಮಾಡಿದ, ಹಳೇ ಚೀಟಿಯ ಬೆನ್ನಿಗೆ ಹೊಸ ನಂಬರ್ ಬರೆದರು. 25 ನಿಮಿಷದಲ್ಲಿ ಮುಗಿಯಿತು. ಆ 11 ರೈತರಲ್ಲಿ ಯಾರ ಹಣವೂ ತಪ್ಪಲಿಲ್ಲ.

ರಾತ್ರಿಯ 777 ಬಿಡಿಸುವ ಕೆಲಸ ಉಳಿದಿತ್ತು. ಅದು ತಾನಾಗಿ ಹೋಗುವುದಿಲ್ಲ. ಡೇಟಾ ಫೋಲ್ಡರುಗಳಿಗೆ 700, ಒಳಗಿನ ಫೈಲುಗಳಿಗೆ 660, ಕಾನ್ಫಿಗ್ ಫೈಲುಗಳಿಗೆ 644, ಮಾಲೀಕ ರೂಟ್. ಡೆಬಿಯನ್ ಡಾಟ್ ಸಿಎನ್‌ಎಫ್ ಎಂಬ ಫೈಲಿಗೆ 600, ಯಾಕೆಂದರೆ ಹಳೇ ಸರ್ವರುಗಳಲ್ಲಿ ಅದರೊಳಗೆ ಪಾಸ್‌ವರ್ಡ್ ಇರುತ್ತದೆ. ಫೋಲ್ಡರಿಗೂ ಫೈಲಿಗೂ ಒಂದೇ ಅಂಕಿ ಕೊಡಬಾರದು, ಫೈಂಡ್ ಕಮಾಂಡಿನಲ್ಲಿ ಬೇರೆ ಬೇರೆ ಹುಡುಕಿ ಕೊಡಬೇಕು.

ಭಾನುವಾರ ಹೊಸ ಎಸ್‌ಎಸ್‌ಡಿ ಹಾಕಿ /ಎಸ್‌ಆರ್‌ವಿ ಅಡಿಗೆ ಮೌಂಟ್ ಮಾಡಿದೆವು. ಡೇಟಾಬೇಸ್ ನಿಲ್ಲಿಸಿ, ಮಾಲೀಕ, ಅನುಮತಿ ಉಳಿಯುವಂತೆ ಆರ್‌ಸಿಂಕ್ ಎಂಬ ನಕಲು ಕಮಾಂಡಿನಿಂದ ಡೇಟಾ ಒಯ್ದೆವು. ಕಾನ್ಫಿಗ್‌ನಲ್ಲಿ ದಾರಿ ಬದಲಿಸಿ, ಶುಕ್ರವಾರದ ಚಿಕ್ಕ ಫೈಲ್ ಅಳಿಸಿ, ಕಾವಲನ್ನು ಮೊದಲಿನಂತೆ ಟ್ರೂ ಮಾಡಿದೆವು. ಹೋಲ್ಡ್ ತೆಗೆದೆವು. ಹೋಮ್‌ನಲ್ಲಿದ್ದ ಹಳೇ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿದೆವು. ಸುಗ್ಗಿ ಮುಗಿಯುವವರೆಗೆ ಅಲ್ಲಿರುತ್ತದೆ, ಆಮೇಲೆ ಅಳಿಸುತ್ತೇವೆ.

ಈಗ ನಮ್ಮಲ್ಲಿ ಅಪ್‌ಗ್ರೇಡ್‌ಗೆ ಹೋಗುವ ಯಾರೇ ಇರಲಿ, ಮೊದಲು ಡಿಪಿಕೆಜಿ ವೆರಿಫೈ ಕಮಾಂಡಿನಿಂದ ಪ್ಯಾಕೇಜಿನ ಯಾವ ಫೈಲನ್ನು ಯಾರಾದರೂ ತಿದ್ದಿದ್ದಾರಾ ಎಂದು ನೋಡುತ್ತಾರೆ. ಅದೊಂದು ಸಾಲು ಓಡಿಸಿದ್ದರೆ ಗುರುವಾರ ಸಂಜೆಯೇ ಆ ಯೂನಿಟ್ ಫೈಲ್ ಕಾಣುತ್ತಿತ್ತು. ಕೆಲಸ ಮುಗಿದ ಮೇಲೆ "ಚಾಲೂ ಆಯ್ತಾ" ಎಂದು ನಾನು ಕೇಳುವುದಿಲ್ಲ. ಡೇಟಾಡಿರ್ ಯಾವುದು, ಕೊನೆ ಚೀಟಿ ನಂಬರ್ ಎಷ್ಟು ಎಂದು ಕೇಳುತ್ತೇನೆ. ಆ ಹುಡುಗ ಈಗ ಮಿಲ್ಲಿಗೆ ಹೋದರೆ ಸರ್ವರ್ ಮುಟ್ಟುವ ಮೊದಲು ಮುನೀಮರ ಹತ್ತಿರ ಹೋಗಿ, ಮೊಳೆಯ ಮೇಲಿನ ಕೊನೆ ಚೀಟಿಯ ನಂಬರನ್ನು ತನ್ನ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ.